ಒಂದು ಆಂಪೂಲ್, ನೂರು ಆಂಪೂಲ್

ವೈದ್ಯರ ಬಗ್ಗೆ ಓದುಗರು ಬಿಡದೆ ಕೇಳುವ ಪ್ರಶ್ನೆಗಳು ಎರಡು. ಇಷ್ಟೊಂದು ಔಷಧಿಗಳ ಹೆಸರನ್ನು ಇವರು ಅದು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎನ್ನುವುದು ಮೊದಲನೆಯದು. ಎರಡನೆಯದನ್ನು ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆದು ಬಂದವರು ಕೇಳುತ್ತಾರೆ: ಪಕ್ಕದ ಮಂಚದವರಿಗೆ ಒಂದೇ ಇಂಜೆಕ್ಷನ್ ಕೊಟ್ಟರು, ಅದೇ ಔಷಧಿಯನ್ನು ನಮ್ಮವರಿಗೆ ಮಾತ್ರ ಸುರಿದು ಸುರಿದು ಕೊಟ್ಟರು, ಏಕೆ? ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮೊದಲನೆಯದರ ಉತ್ತರವೂ ಅದರೊಳಗೇ ಸಿಗುತ್ತದೆ.

ಎಂಬಿಬಿಎಸ್ ಎರಡನೇ ವರ್ಷಕ್ಕೆ ಬಂದ ವಿದ್ಯಾರ್ಥಿಯ ಮೇಜಿನ ಮೇಲೆ ಸಾಮಾನ್ಯವಾಗಿ ಕೆ.ಡಿ. ತ್ರಿಪಾಠಿಯವರ ಔಷಧಶಾಸ್ತ್ರದ ಪುಸ್ತಕವಿರುತ್ತದೆ. 1985ರಲ್ಲಿ ಮೊದಲು ಅಚ್ಚಾದ ಆ ಗ್ರಂಥ ಈಗ ಸಾವಿರ ಪುಟಗಳಷ್ಟು ಬೆಳೆದಿದೆ. ಪ್ರತಿ ಅಧ್ಯಾಯದ ಆರಂಭದಲ್ಲೂ ಔಷಧಿಗಳ ವರ್ಗೀಕರಣ, ಆಮೇಲೆ ಕೆಲಸ ಮಾಡುವ ಬಗೆ, ಅಡ್ಡಪರಿಣಾಮ, ಉಪಯೋಗ, ಯಾರಿಗೆ ಕೊಡಬಾರದು ಎಂಬ ಪಟ್ಟಿ. ಹಾಸ್ಟೆಲಿನ ಕೋಣೆಗಳಲ್ಲಿ ಈ ಪಟ್ಟಿಗಳಿಗೆ ಪದ್ಯ ಕಟ್ಟುತ್ತಾರೆ, ಹೆಸರುಗಳ ಮೊದಲಕ್ಷರ ಸೇರಿಸಿ ಪದ ಮಾಡುತ್ತಾರೆ, ಗೋಡೆಗೆ ಚೀಟಿ ಅಂಟಿಸುತ್ತಾರೆ. ಪರೀಕ್ಷೆ ಮುಗಿದ ಮೂರೇ ತಿಂಗಳಿಗೆ ಅದರಲ್ಲಿ ಬಹುಪಾಲು ಮರೆತುಹೋಗುತ್ತದೆ. ಈ ಮರೆವಿಗಾಗಿ ವಿದ್ಯಾರ್ಥಿಗಳು ತಮ್ಮನ್ನು ತಾವು ಹಳಿದುಕೊಳ್ಳುತ್ತಾರೆ. ಹಳಿದುಕೊಳ್ಳಬೇಕಾಗಿಲ್ಲ. ಹೆಸರು ಮರೆತರೆ ಪುಸ್ತಕ ತೆರೆದು ನೋಡಬಹುದು. ಆ ವರ್ಷ ಮನಸ್ಸಿಗೆ ಇಳಿಯಬೇಕಾದದ್ದು ಬೇರೆಯೇ ಇದೆ. ಅದೇನೆಂದು ತಿಳಿಯಲು ನೂರಾರು ಔಷಧಿಗಳ ಹಿಂದೆ ಓಡುವುದಕ್ಕಿಂತ ಒಂದೇ ಒಂದರ ಜೊತೆ ಸ್ವಲ್ಪ ಹೊತ್ತು ಕೂರುವುದು ಒಳ್ಳೆಯದು.

ಆ ಒಂದು ಔಷಧಿ ಅಟ್ರೊಪಿನ್. ಬೆಲೆ ಬಲು ಕಡಿಮೆ. ನಮ್ಮ ಹಿತ್ತಿಲಲ್ಲಿ, ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲಿರುವ ವಿಷವೂ ಇದೇ ಬಳಗದ್ದು. ಯೂರೋಪಿನಲ್ಲಿ ಬೆಲಡೋನ ಗಿಡದಿಂದ 1830ರ ದಶಕದ ಆರಂಭದಲ್ಲೇ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದರು. ತಾಲ್ಲೂಕು ಆಸ್ಪತ್ರೆಯ ತುರ್ತು ಔಷಧಿಗಳ ಟ್ರೇಯಲ್ಲೂ ಇದು ಇರುತ್ತದೆ: ಒಂದು ಎಂಎಲ್‌ನ ಪುಟ್ಟ ಗಾಜಿನ ಆಂಪೂಲ್, ಒಳಗೆ 0.6 ಮಿಲಿಗ್ರಾಂ ಔಷಧಿ.

ಅಟ್ರೊಪಿನ್ ಅರ್ಥವಾಗಬೇಕಾದರೆ ಮೊದಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅರ್ಥವಾಗಬೇಕು. ನಮ್ಮ ಮನಸ್ಸಿನ ಅಪ್ಪಣೆಗೆ ಕಾಯದೆ ನಡೆಯುವ ಕೆಲಸಗಳಾದ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ಕರುಳು ಚಲಿಸುವುದು, ಹೃದಯದ ಬಡಿತ ನಿಧಾನವಾಗುವುದು, ಶ್ವಾಸನಾಳದಲ್ಲಿ ತೇವ ಒಸರುವುದು ಇವೆಲ್ಲವೂ ಬಹುಮಟ್ಟಿಗೆ ನರದ ತುದಿಯಿಂದ ಹೊರಬೀಳುವ ಈ ರಾಸಾಯನಿಕದ ಮೂಲಕ ನಡೆಯುತ್ತವೆ. ಇದನ್ನು ಮೊದಲು ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆಟೊ ಲೋವಿ. 1921ರಲ್ಲಿ ಪ್ರಕಟವಾದ ಆ ಪ್ರಯೋಗದ ಕಲ್ಪನೆ ತಮಗೆ ಕನಸಿನಲ್ಲಿ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಲ ರಾತ್ರಿ ನಿದ್ದೆಗಣ್ಣಿನಲ್ಲಿ ಗೀಚಿಟ್ಟದ್ದು ಬೆಳಿಗ್ಗೆ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಬಿದ್ದಾಗ ತಡಮಾಡದೆ ಎದ್ದು ಪ್ರಯೋಗಾಲಯಕ್ಕೆ ನಡೆದರು. ಎರಡು ಕಪ್ಪೆಗಳ ಹೃದಯ ತೆಗೆದುಕೊಂಡು, ಒಂದರ ವೇಗಸ್ ನರವನ್ನು ಕೆರಳಿಸಿ ಅದರ ಬಡಿತ ನಿಧಾನಗೊಳಿಸಿದರು. ಆ ಹೃದಯವನ್ನು ತೊಯ್ಯಿಸಿದ್ದ ದ್ರವವನ್ನು ನರವೇ ಇಲ್ಲದ ಎರಡನೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರ ತನ್ನ ಸಂದೇಶವನ್ನು ರಾಸಾಯನಿಕದ ರೂಪದಲ್ಲಿ ಕಳಿಸುತ್ತದೆ ಎಂದು ಹಾಗೆ ಗೊತ್ತಾಯಿತು. ಅಸಿಟೈಲ್‌ಕೋಲಿನ್‌ನ ಗುಣಗಳನ್ನು 1914ರಲ್ಲೇ ವಿವರವಾಗಿ ದಾಖಲಿಸಿದ್ದ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೋವಿ ಇಬ್ಬರಿಗೂ 1936ರಲ್ಲಿ ನೊಬೆಲ್ ಬಂತು. ಬಿಡುಗಡೆಯಾದ ಈ ರಾಸಾಯನಿಕವನ್ನು ಕ್ಷಣಾರ್ಧದಲ್ಲಿ ಒಡೆದುಹಾಕುವ ಕಿಣ್ವವೊಂದು ದೇಹದಲ್ಲಿದೆ ಎಂಬುದನ್ನೂ ಲೋವಿ ತಮ್ಮ ಸಹೋದ್ಯೋಗಿಯ ಜೊತೆ 1926ರಲ್ಲಿ ತೋರಿಸಿದರು. ಆ ಕಿಣ್ವದ ಹೆಸರು ಕೋಲಿನೆಸ್ಟರೇಸ್. ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ದುಃಖಕ್ಕೂ ಈ ಕಿಣ್ವಕ್ಕೂ ನೇರ ಸಂಬಂಧವಿದೆ.

ಕೋಲಿನೆಸ್ಟರೇಸ್ ಕೆಲಸ ನಿಂತರೆ ಅಸಿಟೈಲ್‌ಕೋಲಿನ್ ಕರಗದೆ ಒಂದೇ ಸಮ ತುಂಬಿಕೊಳ್ಳುತ್ತಾ ಹೋಗುತ್ತದೆ. ಬೆಳೆಗೆ ಸಿಂಪಡಿಸುವ ಆರ್ಗನೊಫಾಸ್ಫರಸ್ ಕೀಟನಾಶಕಗಳು ಹುಳುಗಳನ್ನು ಕೊಲ್ಲುವುದು ಈ ಕಿಣ್ವವನ್ನು ಕಟ್ಟಿಹಾಕಿಯೇ. ಮೊನೊಕ್ರೊಟೊಫಾಸ್, ಡೈಮಿಥೋಯೇಟ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಎಂಬ ಹೆಸರುಗಳು ರೈತರಿಗೆ ಪರಿಚಿತ. ಈ ಕುಟುಂಬದ ಕೀಟನಾಶಕಗಳನ್ನು 1930 ಮತ್ತು 40ರ ದಶಕಗಳಲ್ಲಿ ರೂಪಿಸಿದವರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಮುಖ್ಯರು. ಅವರ ಸಂಶೋಧನೆಯಿಂದ ಪ್ಯಾರಾಥಿಯಾನ್ ಬಂತು, ಟಾಬುನ್ ಎಂಬ ಯುದ್ಧವಿಷವೂ ಬಂತು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ತಗುಲಿದ್ದ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆ ಬಂದದ್ದರ ಹಿಂದೆ ಆ ದುರಂತವಿದೆ. ಕನ್ನಡಿಗರಿಗೆ ಇನ್ನೂ ಹತ್ತಿರದ ನೆನಪು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯದು. 2018ರ ಡಿಸೆಂಬರ್ 14ರಂದು ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 17 ಜನ ತೀರಿಕೊಂಡರು. ಅಸ್ವಸ್ಥರನ್ನು ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಿ ಸೇರಿಸಬೇಕಾಯಿತು.

ಸುದ್ದಿಯಾಗದ ಒಂಟಿ ಪ್ರಕರಣಗಳು ಇನ್ನೂ ಹೆಚ್ಚು. ಗದಗ, ಹಾವೇರಿ, ರಾಯಚೂರು, ಮಂಡ್ಯ ಎಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಾದರೂ ಹೌಸ್ ಸರ್ಜನ್ ಆಗಿ ಕೆಲಸ ಮಾಡಿದವರಿಗೆ ಆ ಗಾಲಿಮಂಚ ಬರುವ ರೀತಿ ಗೊತ್ತು. ಜೊತೆಗೆ ಬಂದವರು ‘ಎಣ್ಣಿ ಕುಡದಾನ್ರೀ’ ಎಂದಷ್ಟೇ ಹೇಳುತ್ತಾರೆ, ಎಣ್ಣಿ ಎಂದರೆ ಇಲ್ಲಿ ಕೀಟನಾಶಕ. ರೋಗಿಯ ಬಾಯಲ್ಲಿ ನೊರೆ, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ನಾಡಿ ನಿಧಾನ, ಮಾಂಸಖಂಡಗಳಲ್ಲಿ ಅಲ್ಲಲ್ಲಿ ಅದುರು. ಎರಡನೇ ವರ್ಷದಲ್ಲಿ ಪಟ್ಟಿಯಾಗಿ ಬಾಯಿಪಾಠ ಮಾಡಿದ ಅಸಿಟೈಲ್‌ಕೋಲಿನ್‌ನ ಪರಿಣಾಮಗಳೆಲ್ಲ ಒಬ್ಬ ಮನುಷ್ಯನ ಮೈಮೇಲೆ ಒಟ್ಟಿಗೇ ಕಾಣುತ್ತವೆ. ಶ್ವಾಸಕೋಶ ತನ್ನದೇ ಒಸರಿನಲ್ಲಿ ಮುಳುಗುತ್ತಿರುತ್ತದೆ. ಅದನ್ನು ತಡೆಯಲು ಬೇಕಾದದ್ದೇ ಅಟ್ರೊಪಿನ್.

ಎಷ್ಟು ಕೊಡಬೇಕು? ಔಷಧಶಾಸ್ತ್ರದ ಸಾರವೆಲ್ಲ ಈ ಪ್ರಶ್ನೆಯಲ್ಲಿದೆ.

ಹೃದಯದ ಬಡಿತ ಅಪಾಯಕಾರಿಯಾಗಿ ಕುಸಿದ ಸಾಮಾನ್ಯ ರೋಗಿಗೆ ಅಟ್ರೊಪಿನ್ ಕೊಡುವಾಗ ಒಟ್ಟು 3 ಮಿಲಿಗ್ರಾಂ ದಾಟಬೇಡಿ ಎನ್ನುತ್ತದೆ ತುರ್ತು ಚಿಕಿತ್ಸೆಯ ನಿಯಮ. ಅಷ್ಟರೊಳಗೆ ವೇಗಸ್ ನರದ ಹಿಡಿತ ಪೂರ್ತಿ ಬಿಟ್ಟಿರುತ್ತದೆ, ಮತ್ತೆ ಕೊಟ್ಟರೂ ಹೃದಯಕ್ಕೆ ಉಪಯೋಗವಿಲ್ಲ. ಕೀಟನಾಶಕ ಸೇವಿಸಿದವರಿಗಾದರೆ ಅದೇ 3 ಮಿಲಿಗ್ರಾಂ ಚಿಕಿತ್ಸೆಯ ಮೊದಲ ತುತ್ತು. ಐದು ನಿಮಿಷ ನೋಡಿ ಗುಣ ಕಾಣದಿದ್ದರೆ 6, ಮತ್ತೆ ಐದು ನಿಮಿಷಕ್ಕೆ 12, ಆಮೇಲೆ 24. ಹದಿನೈದು ನಿಮಿಷದಲ್ಲಿ 45 ಮಿಲಿಗ್ರಾಂ, ಅಂದರೆ 75 ಆಂಪೂಲ್. ಎದೆ ತಿಳಿಯಾದ ಮೇಲೆ ಹಾಗೆ ಕೊಟ್ಟ ಒಟ್ಟು ಪ್ರಮಾಣದ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೂ ಡ್ರಿಪ್‌ನಲ್ಲಿ ಹರಿಸುತ್ತಾ ಹೋಗಬೇಕು. ನೂರರ ಗಡಿ ದಾಟಲು ಹೆಚ್ಚು ಹೊತ್ತು ಬೇಡ. ಒಬ್ಬರು ಆಂಪೂಲ್ ಮುರಿಯುತ್ತಾ, ಇನ್ನೊಬ್ಬರು ಸಿರಿಂಜಿಗೆ ಎಳೆಯುತ್ತಾ, ಮೂರನೆಯವರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಾ ನಿಂತಿರುತ್ತಾರೆ. ಪಕ್ಕದ ಮಂಚದವರಿಗೆ ಒಂದು, ನಮ್ಮವರಿಗೆ ಇಷ್ಟೊಂದು ಏಕೆ ಎಂದು ಕೇಳಿದವರು ಕಂಡದ್ದು ಇಂಥದೇ ದೃಶ್ಯವಿರಬೇಕು.

ಇದರ ತರ್ಕವನ್ನು ಹೀಗೆ ಹಿಡಿಯಬಹುದು. ಅಸಿಟೈಲ್‌ಕೋಲಿನ್ ಕೆಲಸ ಮಾಡಬೇಕಾದರೆ ಜೀವಕೋಶದ ಮೇಲಿನ ಗ್ರಾಹಕಗಳಲ್ಲಿ ಹೋಗಿ ಕೂರಬೇಕು. ಅಟ್ರೊಪಿನ್ ಆ ಜಾಗದಲ್ಲಿ ತಾನು ಕೂತು ಅದಕ್ಕೆ ಎಡೆ ಸಿಗದಂತೆ ಮಾಡುತ್ತದೆ. ಸಂತೆಯ ದಿನದ ಬಸ್ಸಿನಂತೆ, ಸೀಟುಗಳು ಅಷ್ಟೇ, ಏರುವವರು ಹೆಚ್ಚಾದಷ್ಟೂ ನಮ್ಮವರಿಗೆ ಸೀಟು ಸಿಗಬೇಕಾದರೆ ನಮ್ಮವರೂ ಹೆಚ್ಚು ಜನ ನುಗ್ಗಬೇಕು. ಆರೋಗ್ಯವಂತರ ದೇಹದಲ್ಲಿ ಅಸಿಟೈಲ್‌ಕೋಲಿನ್ ಮಿತವಾಗಿರುವುದರಿಂದ ಸ್ವಲ್ಪ ಅಟ್ರೊಪಿನ್ ಸಾಕು. ವಿಷ ಸೇವಿಸಿದವರಲ್ಲಿ ಅಸಿಟೈಲ್‌ಕೋಲಿನ್ ಉಕ್ಕಿ ಬರುತ್ತಿರುತ್ತದೆ, ಅಟ್ರೊಪಿನ್ ಅದಕ್ಕೆ ಸರಿಸಮವಾಗಿ ಏರಬೇಕು.

ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಎಂಬ ಯುವ ವಿಜ್ಞಾನಿ 1878ರಲ್ಲೇ ಬೆಕ್ಕಿನ ಜೊಲ್ಲಿನ ಮೇಲೆ ಪ್ರಯೋಗ ಮಾಡುತ್ತಾ ಈ ಪೈಪೋಟಿಯನ್ನು ಗುರುತಿಸಿದ್ದರು. ಪೈಲೊಕಾರ್ಪಿನ್ ಕೊಟ್ಟರೆ ಜೊಲ್ಲು ಸುರಿಯುತ್ತದೆ, ಅಟ್ರೊಪಿನ್ ಕೊಟ್ಟರೆ ನಿಲ್ಲುತ್ತದೆ, ಪೈಲೊಕಾರ್ಪಿನ್ ಹೆಚ್ಚಿಸಿದರೆ ಮತ್ತೆ ಸುರಿಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಎರಡರ ಪ್ರಮಾಣದ ಮೇಲೆ ನಿಂತಿದೆ ಎಂದು ಅವರು ಕಂಡುಕೊಂಡರು. ಗ್ರಾಹಕ ಎಂಬ ಕಲ್ಪನೆ 1905ರಲ್ಲಿ ಅವರ ಬರಹದಲ್ಲಿ ಸ್ಪಷ್ಟ ರೂಪ ಪಡೆಯಿತು. ಇಂದಿನ ವಿದ್ಯಾರ್ಥಿ ಇದನ್ನೇ ಗ್ರಾಫ್ ಕಾಗದದ ಮೇಲೆ ಬರೆಯುತ್ತಾನೆ. ಔಷಧಿಯ ಪ್ರಮಾಣ ಒಂದು ಅಕ್ಷದಲ್ಲಿ, ಪರಿಣಾಮ ಇನ್ನೊಂದರಲ್ಲಿ, ಪ್ರತಿಸ್ಪರ್ಧಿ ಸೇರಿದಾಗ ಇಡೀ ವಕ್ರರೇಖೆ ಬಲಕ್ಕೆ ಸರಿಯುತ್ತದೆ. ಐದು ಅಂಕದ ಪ್ರಶ್ನೆ. ಆ ರೇಖೆ ಬಲಕ್ಕೆ ಸರಿಯುವುದಕ್ಕೂ ಕ್ಯಾಜುವಾಲ್ಟಿಯ ನೆಲದ ಮೇಲೆ ಬಿದ್ದ 75 ಆಂಪೂಲ್‌ಗಳ ಗಾಜಿನ ಚೂರಿಗೂ ಇರುವ ಸಂಬಂಧವನ್ನು ಯಾರಾದರೂ ಒಬ್ಬ ಮೇಷ್ಟ್ರು ತೋರಿಸಿಕೊಟ್ಟರೆ ವಿದ್ಯಾರ್ಥಿ ಅದನ್ನು ಸಾಯುವವರೆಗೆ ಮರೆಯುವುದಿಲ್ಲ.

ಹಿಂದಿನ ತಲೆಮಾರಿನವರು ಇದನ್ನು ಕಣ್ಣಾರೆ ಕಾಣುತ್ತಿದ್ದರು. ಸೀಮೆಎಣ್ಣೆ ದೀಪದ ಮಸಿ ಹಿಡಿಸಿದ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಗಿನಿಪಿಗ್‌ನ ಕರುಳಿನ ತುಂಡನ್ನು ಲವಣದ್ರಾವಣದಲ್ಲಿ ತೂಗುಬಿಟ್ಟು, ಅಸಿಟೈಲ್‌ಕೋಲಿನ್ ಹನಿಸಿದಾಗ ಕರುಳು ಸಂಕೋಚಗೊಂಡು ಮಸಿಯ ಮೇಲೆ ಬಿಳಿ ಗೆರೆ ಎಳೆಯುವುದನ್ನು ನೋಡುತ್ತಿದ್ದರು. ಮೊಲದ ಒಂದು ಕಣ್ಣಿಗೆ ಅಟ್ರೊಪಿನ್ ಹಾಕಿ ಪಾಪೆ ಅರಳುವುದನ್ನು ಇನ್ನೊಂದು ಕಣ್ಣಿನ ಜೊತೆ ಹೋಲಿಸುತ್ತಿದ್ದರು. ಪದವಿ ತರಗತಿಗಳಲ್ಲಿ ಈಗ ಪ್ರಾಣಿಪ್ರಯೋಗ ನಿಂತು ಕಂಪ್ಯೂಟರಿನ ಪರದೆ ಬಂದಿದೆ. ಅದು ಒಳ್ಳೆಯದೇ ಆಯಿತು, ಪ್ರತಿ ವರ್ಷ ಅಷ್ಟು ಪ್ರಾಣಿಗಳು ಸಾಯಬೇಕಾದ ಅಗತ್ಯವಿರಲಿಲ್ಲ. ಆದರೆ ಮೊಲದ ಜಾಗದಲ್ಲಿ ಪರದೆಯನ್ನಷ್ಟೇ ತಂದು ನಿಲ್ಲಿಸಿದರೆ ಸಾಲದು, ವಿದ್ಯಾರ್ಥಿಯನ್ನು ವಾರ್ಡಿಗೆ ಕರೆದೊಯ್ಯಬೇಕು. 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಆರಂಭದಿಂದಲೇ ರೋಗಿಯ ಸಂಪರ್ಕ ಬೇಕೆಂದು ಹೇಳುತ್ತದೆ, ಔಷಧಶಾಸ್ತ್ರವನ್ನು ಬೇರೆ ವಿಭಾಗಗಳ ಜೊತೆ ಬೆಸೆದು ಕಲಿಸಬೇಕೆನ್ನುತ್ತದೆ. ಅಟ್ರೊಪಿನ್ ಅಧ್ಯಾಯ ನಡೆಯುವ ವಾರದಲ್ಲಿ ವಿದ್ಯಾರ್ಥಿಗಳನ್ನು ಅರಿವಳಿಕೆ ವಿಭಾಗಕ್ಕೂ ತೀವ್ರ ನಿಗಾ ಘಟಕಕ್ಕೂ ಒಂದೊಂದು ಗಂಟೆ ಕಳಿಸುವುದು ಯಾವ ಕಾಲೇಜಿಗೂ ಭಾರವಾಗಲಾರದು.

ಡೋಸ್ ಎಂಬುದು ಪುಸ್ತಕದಲ್ಲಿ ಅಚ್ಚಾಗಿರುವ ಅಂಕಿ ಎಂದು ಎರಡನೇ ವರ್ಷದವರು ಭಾವಿಸಿರುತ್ತಾರೆ. ವಾರ್ಡಿಗೆ ಬಂದ ಮೇಲೆ ಅದನ್ನು ರೋಗಿಯ ಮೈಯಿಂದ ಓದಿಕೊಳ್ಳಬೇಕೆಂದು ತಿಳಿಯುತ್ತದೆ. ಎದೆಯ ಗೊರಗೊರ ನಿಂತಿತೇ, ನಾಡಿ 80 ದಾಟಿತೇ, ರಕ್ತದೊತ್ತಡದ ಮೇಲಿನ ಅಂಕಿ 80ಕ್ಕಿಂತ ಹೆಚ್ಚಿದೆಯೇ, ಕಂಕುಳು ಒಣಗಿದೆಯೇ, ಪಾಪೆ ಸೂಜಿಮೊನೆಯಿಂದ ಬಿಡಿಸಿಕೊಂಡಿತೇ? ಇವನ್ನು ನೋಡಿಯೇ ಮುಂದಿನ ತುತ್ತನ್ನು ನಿರ್ಧರಿಸಬೇಕು. ಇವೆಲ್ಲದರಲ್ಲೂ ಎದೆಯ ಸದ್ದೇ ಮುಖ್ಯ. ಪಾಪೆಯನ್ನಷ್ಟೇ ನಂಬಿ ಕೂರುವವರು ಮೋಸ ಹೋಗುತ್ತಾರೆ, ಏಕೆಂದರೆ ಅದು ಅರಳಲು ತಡವಾಗಬಹುದು. ಔಷಧಿ ಮಿತಿಮೀರಿದರೆ ಅದೂ ಕಾಣುತ್ತದೆ. ಜ್ವರ ಏರುತ್ತದೆ, ನಾಲಗೆ ಒಣಗುತ್ತದೆ, ಕರುಳಿನ ಸದ್ದು ನಿಲ್ಲುತ್ತದೆ, ಮೂತ್ರ ಕಟ್ಟುತ್ತದೆ, ರೋಗಿ ಭ್ರಮೆಯಲ್ಲಿ ಹೊದಿಕೆಯನ್ನು ಕೀಳುತ್ತಾ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಬಡಬಡಿಸುತ್ತಾನೆ. ಉಮ್ಮತ್ತಿ ಬೀಜ ತಿಂದ ಮಕ್ಕಳಲ್ಲಿ ಕಾಣುವುದೂ ಇದೇ ಚಿತ್ರ. ಈ ಎರಡು ಅಂಚುಗಳ ನಡುವಿನ ಹಾದಿಯಲ್ಲಿ ಇಡೀ ರಾತ್ರಿ ರೋಗಿಯನ್ನು ನಡೆಸಿಕೊಂಡು ಹೋಗುವವರು ಮಂಚದ ಪಕ್ಕದಲ್ಲಿ ಚಾರ್ಟ್ ಹಿಡಿದು ನಿಂತ ಹೌಸ್ ಸರ್ಜನ್ ಮತ್ತು ನರ್ಸ್. ಅವರ ಆ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಕೊಡುವ ಬಗೆ ಬದಲಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಚಿತ್ತಗಾಂಗ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ 2012ರಲ್ಲಿ ಪ್ರಕಟವಾದ ಅಧ್ಯಯನ ಕಣ್ಣು ತೆರೆಸುವಂತಿದೆ. 156 ರೋಗಿಗಳಲ್ಲಿ ಒಂದು ಗುಂಪಿಗೆ ಹಳೆಯ ಪದ್ಧತಿಯಲ್ಲಿ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಅಷ್ಟಷ್ಟೇ ಅಟ್ರೊಪಿನ್. ಇನ್ನೊಂದು ಗುಂಪಿಗೆ ಪ್ರಮಾಣವನ್ನು ಪ್ರತಿ ಸಲ ಇಮ್ಮಡಿಸುತ್ತಾ ಹೋಗಿ ಆಮೇಲೆ ಡ್ರಿಪ್. ರೋಗಿಗೆ ಸಾಕಷ್ಟು ಅಟ್ರೊಪಿನ್ ತಲುಪಲು ಮೊದಲ ಗುಂಪಿನಲ್ಲಿ ಸರಾಸರಿ 152 ನಿಮಿಷ ಹಿಡಿದರೆ ಎರಡನೆಯದರಲ್ಲಿ 24 ನಿಮಿಷ. ಸಾವು ಮೊದಲನೆಯದರಲ್ಲಿ ಶೇ. 22.5, ಎರಡನೆಯದರಲ್ಲಿ ಶೇ. 8. ಭ್ರಮೆ, ಜ್ವರದಂಥ ಅಟ್ರೊಪಿನ್‌ನ ತೊಂದರೆಗಳೂ ಎರಡನೆಯ ಗುಂಪಿನಲ್ಲೇ ಕಡಿಮೆ. ಹೊಸ ಔಷಧಿ ಬರಲಿಲ್ಲ, ದುಬಾರಿ ಯಂತ್ರ ಬರಲಿಲ್ಲ. ಸುಮಾರು ಇನ್ನೂರು ವರ್ಷ ಹಳೆಯ ಔಷಧಿಯನ್ನು ಅದರ ಸ್ವಭಾವ ಅರಿತು ಕೊಟ್ಟರು, ಅಷ್ಟೇ.

ಅಟ್ರೊಪಿನ್ ಮಾಡಲಾಗದ ಕೆಲಸವೂ ಇದೆ. ಅಸಿಟೈಲ್‌ಕೋಲಿನ್ ಕೂರುವ ಗ್ರಾಹಕಗಳಲ್ಲಿ ಎರಡು ಬಗೆಯೆಂದು ಹೆನ್ರಿ ಡೇಲ್ ಗುರುತಿಸಿದ್ದರು, ಮಸ್ಕರಿನಿಕ್ ಮತ್ತು ನಿಕೊಟಿನಿಕ್. ಅಟ್ರೊಪಿನ್‌ಗೆ ಮೊದಲನೆಯದರ ಮೇಲೆ ಮಾತ್ರ ಅಧಿಕಾರ. ಮಾಂಸಖಂಡಗಳಲ್ಲಿರುವುದು ಎರಡನೆಯದು. ಆದ್ದರಿಂದ ಎದೆ ತಿಳಿಯಾಗಿ, ರೋಗಿ ಚೇತರಿಸಿಕೊಂಡು ಮನೆಯವರ ಜೊತೆ ಮಾತಾಡುತ್ತಿದ್ದಾಗಲೂ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಬೇಕಾಗಬಹುದು. ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯಡ್ಡೆ 1987ರಲ್ಲಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದರು. ‘ನಿನ್ನೆ ಚೆನ್ನಾಗಿದ್ದರಲ್ಲ, ಇವತ್ತು ಏನು ಮಾಡಿಬಿಟ್ಟಿರಿ’ ಎಂದು ಸಂಬಂಧಿಕರು ವೈದ್ಯರ ಮೇಲೆ ಏರಿಹೋಗುವ ಎಷ್ಟೋ ಜಗಳಗಳ ಮೂಲ ಇಲ್ಲಿದೆ. ರೋಗಿ ಸೇರಿದ ಮೊದಲ ದಿನವೇ ಮನೆಯವರನ್ನು ಕೂರಿಸಿ, ಮಾತಾಡುವಂತಾದರೂ ಅಪಾಯ ಕಳೆದಿರುವುದಿಲ್ಲ, ಇನ್ನೂ ನಾಲ್ಕು ದಿನ ಕಾಯಬೇಕು ಎಂದು ಹೇಳಿಬಿಡುವುದು ಚಿಕಿತ್ಸೆಯ ಭಾಗವೇ.

ಕಟ್ಟಿಹಾಕಿದ ಕಿಣ್ವವನ್ನೇ ಬಿಡಿಸುವ ಔಷಧಿಯೂ ಇದೆ. ಪ್ರಾಲಿಡಾಕ್ಸಿಮ್, ಆಸ್ಪತ್ರೆಯ ಮಾತಿನಲ್ಲಿ ಪ್ಯಾಮ್. ಪುಸ್ತಕದಲ್ಲಿ ಇದರ ತರ್ಕ ಎಷ್ಟು ಸುಂದರವಾಗಿದೆಯೆಂದರೆ ಓದಿದವರಿಗೆ ಇದೇ ನಿಜವಾದ ಮದ್ದು ಎನ್ನಿಸುತ್ತದೆ. ರೋಗಿಗಳ ಮೇಲಿನ ಫಲಿತಾಂಶ ಅಷ್ಟು ಸರಳವಾಗಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನ ಪ್ರಮಾಣದ ಪ್ಯಾಮ್ ಅನ್ನು ನಿರಂತರವಾಗಿ ಹರಿಸಿದಾಗ ಸಾವು ಇಳಿಯಿತು. ಶ್ರೀಲಂಕಾದ 2009ರ ಅಧ್ಯಯನದಲ್ಲಿ ಅದರಿಂದ ಲಾಭವೇ ಕಾಣಲಿಲ್ಲ. ವೆಲ್ಲೂರಿನಲ್ಲಿ ಅದಕ್ಕೂ ಮೊದಲು ನಡೆದ ಅಧ್ಯಯನಗಳಲ್ಲೂ ಲಾಭ ಕಂಡಿರಲಿಲ್ಲ. ಒಂದು ಕಾರಣ ವಿಷದ ಬಗೆ ಮತ್ತು ಕಳೆದುಹೋದ ಹೊತ್ತು. ಡೈಮಿಥೋಯೇಟ್, ಮೊನೊಕ್ರೊಟೊಫಾಸ್‌ನಂಥ ಡೈಮೀಥೈಲ್ ವರ್ಗದ ವಿಷಗಳು ಹಿಡಿದ ಕಿಣ್ವದಲ್ಲಿ ಅರ್ಧದಷ್ಟು ಸುಮಾರು 3.7 ಗಂಟೆಯೊಳಗೆ ಮತ್ತೆ ಬಿಡಿಸಲಾಗದಂತೆ ಗಟ್ಟಿಯಾಗುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಡೈಈಥೈಲ್ ವರ್ಗದಲ್ಲಾದರೆ ಅದಕ್ಕೆ ಸುಮಾರು 33 ಗಂಟೆ ಹಿಡಿಯುತ್ತದೆ. ಹೊಲದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಬರುವಷ್ಟರಲ್ಲಿ ಮೊದಲ ವರ್ಗದ ವಿಷ ಸೇವಿಸಿದವರಿಗೆ ಪ್ಯಾಮ್‌ನ ಸಮಯ ಬಹುಮಟ್ಟಿಗೆ ಕಳೆದಿರುತ್ತದೆ. ತರ್ಕ ಚೆನ್ನಾಗಿದ್ದ ಮಾತ್ರಕ್ಕೆ ಔಷಧಿ ಕೆಲಸ ಮಾಡಬೇಕೆಂದಿಲ್ಲ. ಎರಡನೇ ವರ್ಷದ ಪುಸ್ತಕ ಕಲಿಸಲು ಕಷ್ಟಪಡುವ, ವಾರ್ಡ್ ಬೇಗ ಕಲಿಸುವ ಪಾಠವಿದು.

ವಿಷದ ಮಾತೇ ಇಷ್ಟು ಹೊತ್ತಾಯಿತು. ಅದೇ ಅಟ್ರೊಪಿನ್ ಎಷ್ಟು ಸೌಮ್ಯವಾಗಿಯೂ ಬಳಕೆಯಾಗುತ್ತದೆ ಎಂಬುದನ್ನೂ ನೋಡಬೇಕು. ಮಕ್ಕಳ ಸಮೀಪದೃಷ್ಟಿ ಬೇಗ ಬೇಗ ಏರದಂತೆ ತಡೆಯಲು ಕಣ್ಣಿನ ವೈದ್ಯರು ಈಗ 0.01 ಶೇಕಡದ ಅಟ್ರೊಪಿನ್ ಹನಿ ಬರೆಯುತ್ತಾರೆ. ಈ ಪ್ರಮಾಣ ಬಳಕೆಗೆ ಬಂದದ್ದು ಸಿಂಗಪುರದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ನಂತರ. ಅಂಥ ಒಂದು ಹನಿಯಲ್ಲಿರುವುದು ಸುಮಾರು 5 ಮೈಕ್ರೊಗ್ರಾಂ. ಮೇಲೆ ಹೇಳಿದ ಹದಿನೈದು ನಿಮಿಷದ 45 ಮಿಲಿಗ್ರಾಂ ಅದರ ಒಂಬತ್ತು ಸಾವಿರ ಪಟ್ಟು. ಒಂದೇ ಔಷಧಿ, ಒಂದೇ ಬಗೆಯ ಗ್ರಾಹಕ. ಮಗುವಿನ ಕಣ್ಣಿನಲ್ಲಿ ಸಾಧಿಸಬೇಕಾದದ್ದು ಬೇರೆ, ಮುಳುಗುತ್ತಿರುವ ಶ್ವಾಸಕೋಶದಲ್ಲಿ ಬೇರೆ.

ಕೋಲಿನೆಸ್ಟರೇಸ್ ಕಿಣ್ವದ ಕಥೆಗೂ ಇನ್ನೊಂದು ಮಗ್ಗುಲಿದೆ. ಅದನ್ನು ಮಿತವಾಗಿ, ತಾತ್ಕಾಲಿಕವಾಗಿ ತಡೆದರೆ ಅದೇ ಚಿಕಿತ್ಸೆಯಾಗುತ್ತದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ವೈದ್ಯೆ ಮೇರಿ ವಾಕರ್, ಸ್ನಾಯುಗಳು ಸೋಲುವ ಮಯಸ್ತೀನಿಯ ಗ್ರ್ಯಾವಿಸ್ ರೋಗಿಯಲ್ಲಿ ಕಾಣುವ ಲಕ್ಷಣಗಳು ಕ್ಯುರಾರೆ ವಿಷದ ಲಕ್ಷಣಗಳನ್ನು ಹೋಲುತ್ತವೆ ಎಂದು ಗಮನಿಸಿ, ಕ್ಯುರಾರೆಗೆ ಕೊಡುವ ಫೈಸೊಸ್ಟಿಗ್ಮಿನ್ ಅನ್ನೇ ಕೊಟ್ಟು ನೋಡಿದರು. ಜೋತುಬಿದ್ದ ಕಣ್ಣರೆಪ್ಪೆ ಮೇಲೆದ್ದಿತು. ಇಂದು ಮರೆವಿನ ಕಾಯಿಲೆಯ ಹಿರಿಯರಿಗೆ ಕೊಡುವ ಡೊನೆಪೆಝಿಲ್ ಕೂಡ ಕೋಲಿನೆಸ್ಟರೇಸ್ ಅನ್ನು ತಡೆಯುವ ಔಷಧಿಯೇ. ಮಿದುಳಿನಲ್ಲಿ ಕೊರತೆಯಾದ ಅಸಿಟೈಲ್‌ಕೋಲಿನ್ ಇನ್ನಷ್ಟು ಹೊತ್ತು ಉಳಿಯಲಿ ಎಂಬುದು ಅದರ ಉದ್ದೇಶ.

ಹೀಗಿರುವಾಗ ಮನೆಮನೆಯಲ್ಲಿ ನಡೆಯುವ ಒಂದು ತಪ್ಪು ಕಾಣತೊಡಗುತ್ತದೆ. ಡೊನೆಪೆಝಿಲ್ ತೆಗೆದುಕೊಳ್ಳುತ್ತಿರುವ ಅಜ್ಜಿಗೆ ಮೂತ್ರ ತಡೆಯಲಾಗದಂತಾಗುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚಾದರೆ ಮೂತ್ರಕೋಶ ಚುರುಕಾಗುವುದು ಸಹಜ. ಮನೆಯವರು ಬೇರೊಬ್ಬ ವೈದ್ಯರ ಬಳಿ ಕರೆದೊಯ್ಯುತ್ತಾರೆ, ಹಳೆಯ ಚೀಟಿ ತೋರಿಸುವುದಿಲ್ಲ. ಅಲ್ಲಿ ಆಕ್ಸಿಬ್ಯುಟಿನಿನ್ ಬರೆಯುತ್ತಾರೆ, ಅದು ಅಟ್ರೊಪಿನ್ ಹಾದಿಯಲ್ಲೇ ನಡೆಯುವ ಮಾತ್ರೆ. ಬೆಳಿಗ್ಗೆ ಒಂದು ಮಾತ್ರೆ ಅಸಿಟೈಲ್‌ಕೋಲಿನ್ ಏರಿಸುತ್ತದೆ, ರಾತ್ರಿ ಇನ್ನೊಂದು ಅದನ್ನು ತಡೆಯುತ್ತದೆ, ಅಜ್ಜಿಗೆ ಮರೆವು ಹೆಚ್ಚುತ್ತದೆ, ರೋಗ ಉಲ್ಬಣಿಸಿತೆಂದು ಮೂರನೆಯ ಮಾತ್ರೆ ಸೇರುತ್ತದೆ. ಇನ್ನೂ ಸಾಮಾನ್ಯವಾದದ್ದು ಶೀತದ ಮಾತ್ರೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ಎಪ್ಪತ್ತರ ಹಿರಿಯರು ಮೂಗು ಸೋರುತ್ತಿದೆಯೆಂದು ಮೆಡಿಕಲ್ ಶಾಪಿನಲ್ಲಿ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ಕೇಳಿ ತಂದು ನುಂಗುತ್ತಾರೆ. ರಾತ್ರಿಯ ಹೊತ್ತಿಗೆ ಮೂತ್ರ ಕಟ್ಟಿ, ಹೊಟ್ಟೆ ಉಬ್ಬಿ, ಕ್ಯಾಥೆಟರ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಓಡಬೇಕಾಗುತ್ತದೆ. ಆ ಮಾತ್ರೆಗೂ ಅಟ್ರೊಪಿನ್‌ನ ಸ್ವಭಾವ ಸ್ವಲ್ಪ ಇದೆ. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೂ ಇದೇ ಎಚ್ಚರ ಬೇಕು.

ಇಷ್ಟೊಂದು ಔಷಧಿಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಳ್ಳೆಯ ವೈದ್ಯರು ಎಲ್ಲವನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅಸಿಟೈಲ್‌ಕೋಲಿನ್ ಎಲ್ಲೆಲ್ಲಿ ಏನೇನು ಮಾಡುತ್ತದೆ ಎಂಬ ಒಂದು ಚಿತ್ರ ಮನಸ್ಸಿನಲ್ಲಿದ್ದರೆ ಕೀಟನಾಶಕದ ವಿಷ, ಉಮ್ಮತ್ತಿಯ ಭ್ರಮೆ, ಮಗುವಿನ ಕಣ್ಣಿನ ಹನಿ, ಅಜ್ಜಿಯ ಮರೆವು, ಹಿರಿಯರ ಮೂತ್ರತಡೆ ಎಲ್ಲವೂ ಒಂದೇ ಚಿತ್ರದ ಮೂಲೆಗಳಾಗಿ ಕಾಣುತ್ತವೆ. ವೈದ್ಯಕೀಯ ಓದುವ ಮಕ್ಕಳಿಗೆ ಹೇಳುವುದಿಷ್ಟೆ: ವರ್ಗೀಕರಣ ಬಾಯಿಪಾಠ ಮಾಡಿ, ಪರೀಕ್ಷೆಗೆ ಅದು ಬೇಕು. ಆದರೆ ಪ್ರತಿ ಔಷಧಿಗೂ ಒಬ್ಬ ರೋಗಿಯನ್ನು ಜೊತೆ ಮಾಡಿಕೊಳ್ಳಿ. ಸಂಜೆ ವಾರ್ಡಿಗೆ ಹೋಗಿ, ಕೇಸ್ ಶೀಟ್ ತೆರೆದು, ಈ ಔಷಧಿ ಇವರಿಗೆ ಏಕೆ, ಇಷ್ಟೇ ಏಕೆ, ಕೆಲಸ ಮಾಡುತ್ತಿದೆಯೆಂದು ಯಾವುದರಿಂದ ತಿಳಿಯಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೇಳಿ. ಹೇಳಿಕೊಡುವ ಹಿರಿಯರು ಪ್ರತಿ ಆಸ್ಪತ್ರೆಯಲ್ಲೂ ಇದ್ದಾರೆ.

ಇನ್ನು ಉಳಿದ ಓದುಗರಿಗೆ, ಅದರಲ್ಲೂ ಹಳ್ಳಿಯಲ್ಲಿರುವವರಿಗೆ. ಸಿಂಪಡಿಸುವಾಗ ವಿಷ ತಗುಲಿದರೆ, ಅಥವಾ ಮನೆಯಲ್ಲಿ ಯಾರಾದರೂ ಸೇವಿಸಿದರೆ, ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಒಸರು, ವಾಂತಿ ಎರಡೂ ಶ್ವಾಸಕೋಶಕ್ಕೆ ಇಳಿಯುತ್ತವೆ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ವಿಷ ತಾಗಿದ ಬಟ್ಟೆ ತೆಗೆಯಿರಿ, ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ, ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ. ಬಾಟಲಿಯನ್ನು ಹೆದರಿ ಎಸೆಯಬೇಡಿ, ಮುಚ್ಚಳ ಹಾಕಿ ಜೊತೆಗೇ ಒಯ್ಯಿರಿ. ಲೇಬಲ್ ಮೇಲೆ ಔಷಧಿಯ ಹೆಸರಿದೆ, ಪ್ರತಿವಿಷದ ಹೆಸರಿದೆ, ವಿಷದ ತೀವ್ರತೆ ಹೇಳುವ ಬಣ್ಣದ ಗುರುತಿದೆ. ಅದು ಡೈಮೀಥೈಲೋ ಡೈಈಥೈಲೋ, ಪ್ಯಾಮ್‌ಗೆ ಇನ್ನೂ ಹೊತ್ತಿದೆಯೋ ಇಲ್ಲವೋ ಎಂದು ವೈದ್ಯರು ಅದನ್ನು ನೋಡಿ ಅಂದಾಜಿಸಬಲ್ಲರು. ಎಷ್ಟು ಗಂಟೆಗೆ ಆಯಿತು ಎಂಬುದನ್ನು ಮುಚ್ಚಿಡದೆ ಹೇಳಿ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕುಗ್ಗಿ ಕೂತಿದ್ದರೆ ಅದಕ್ಕೂ ಮೊದಲೇ ಅವರ ಜೊತೆ ಕೂತು ಮಾತಾಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.